ಸ್ಲೈಡ್ ಡಬ್ಬಿಯಲ್ಲಿ ಉಳಿದ ಹಳೇ ಬಾಗಲಕೋಟೆ

ಬಾದಾಮಿ ಬಂಡೆಯ ಕೆಂಪು ಸ್ಲೈಡ್ ಫಿಲ್ಮಿನಲ್ಲಿ ಬಂದಷ್ಟು ಚೆಂದ ಡಿಜಿಟಲ್‌ನಲ್ಲಿ ಬರುವುದಿಲ್ಲ ಎಂಬ ಮಾತು ಹಳೆಯ ಫೋಟೊಗ್ರಾಫರ್‌ಗಳ ಬಾಯಲ್ಲಿ ಇನ್ನೂ ಇದೆ. ಇದು ಬರೀ ಹಳೆಯ ದಿನಗಳ ಹಂಬಲವೋ, ಇದರಲ್ಲಿ ಇತಿಹಾಸಕ್ಕೆ ಬೇಕಾದದ್ದೂ ಏನಾದರೂ ಇದೆಯೋ?

ನಮ್ಮ ಭಾಗದ ಗುಡಿಗಳ ಫೋಟೊ ಚರಿತ್ರೆ ಶುರುವಾದದ್ದು ಬಣ್ಣವಿಲ್ಲದೆ. 1850ರ ದಶಕದಲ್ಲಿ ಥಾಮಸ್ ಬಿಗ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬಾದಾಮಿ ಮತ್ತು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಚಿತ್ರ ತೆಗೆದ. ಬಣ್ಣದ ಸ್ಲೈಡ್‌ಗೆ ಹೆಸರಾದ ಕೊಡಾಕ್ರೋಮ್ ಬಂದದ್ದು 1935ರಲ್ಲಿ, ಮೊದಲು ಸಿನಿಮಾ ಫಿಲ್ಮಾಗಿ. ಮರುವರ್ಷ ಸ್ಟಿಲ್ ಕ್ಯಾಮೆರಾಕ್ಕೆ.

ಸಾಮಾನ್ಯ ಕಲರ್ ರೋಲಿನಲ್ಲಿ ಸಿಗುವುದು ನೆಗೆಟಿವ್. ಪ್ರಿಂಟಿನ ಬಣ್ಣ ಎಷ್ಟಿರಬೇಕೆಂದು ತೀರ್ಮಾನಿಸುವುದು ಲ್ಯಾಬು. ಸ್ಲೈಡ್ ಹಾಗಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮಿನ ತುಂಡೇ ಕೊನೆಯ ಚಿತ್ರ. ಎಕ್ಸ್‌ಪೋಜರ್ ಸ್ವಲ್ಪ ತಪ್ಪಿದರೂ ಬಿಸಿಲಿನ ಬಂಡೆ ಬೆಳ್ಳಗಾಗುತ್ತಿತ್ತು, ಗುಹೆಯ ಒಳಗು ಕಪ್ಪಾಗುತ್ತಿತ್ತು. 36 ಫ್ರೇಮಿನ ರೋಲು ಹಾಕಿಕೊಂಡವರು ಹದವಾದ ಬಿಸಿಲಿಗಾಗಿ ಕಾಯಲೇಬೇಕಿತ್ತು.

ಆದರೆ ಸ್ಲೈಡಿನ ಬಣ್ಣವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಕತ್ತಲಲ್ಲಿಟ್ಟ ಕೊಡಾಕ್ರೋಮ್ ದಶಕಗಟ್ಟಲೆ ಕೆಡುವುದಿಲ್ಲ. ಪ್ರೊಜೆಕ್ಟರ್ ಬೆಳಕಿಗೆ ಪದೇ ಪದೇ ಒಡ್ಡಿದರೆ ಬೇಗ ಮಾಸುತ್ತದೆ. ಮೊದಮೊದಲ ಎಕ್ಟಾಕ್ರೋಮ್ ಸ್ಲೈಡ್‌ಗಳಂತೂ ವರ್ಷ ಕಳೆದಂತೆ ಕೆಂಪಿಗೆ ತಿರುಗುತ್ತವೆ. ಅಂಥ ಸ್ಲೈಡಿನಲ್ಲಿ ಬಾದಾಮಿಯ ಬಂಡೆ ಇನ್ನಷ್ಟು ಕೆಂಪಾಗಿ ಕಂಡರೆ ಅದು ರಾಸಾಯನಿಕದ ಕೆಲಸವೂ ಇರಬಹುದು. ಇಳಕಲ್ ಸೀರೆಯ ಗಿಳಿಹಸಿರು ಅಂಥ ಸ್ಲೈಡಿನಲ್ಲಿ ಗಿಳಿಹಸಿರಾಗಿಯೇ ಉಳಿದೀತೆಂಬ ಭರವಸೆ ಇಲ್ಲ.

ಹಾಗಾದರೆ ಸ್ಲೈಡ್ ಯಾಕೆ ಬೇಕು? ಬಾದಾಮಿಯ ಬಂಡೆ ಇವತ್ತೂ ಅಲ್ಲೇ ಇದೆ, ಮತ್ತೆ ಫೋಟೊ ತೆಗೆಯಬಹುದು. ಇಳಕಲ್‌ನಲ್ಲಿ ಮಗ್ಗಗಳಿವೆ, ಟೋಪ್ ತೆನಿ ಸೆರಗು ನೇಯುವವರಿದ್ದಾರೆ. ಹಳೇ ಬಾಗಲಕೋಟೆಯ ಮುಳುಗಿದ ಓಣಿಗಳಿಗೆ ಆ ಅವಕಾಶವಿಲ್ಲ. ಅವು ಆಲಮಟ್ಟಿ ಹಿನ್ನೀರಿಗೆ ಹೋದದ್ದು, ಜನ ನವನಗರಕ್ಕೆ ಬಂದದ್ದು ಫಿಲ್ಮಿನ ಕಾಲದ ಕೊನೆಯ ವರ್ಷಗಳಲ್ಲೇ. ಆ ಬಾಗಿಲು, ಕಟ್ಟೆ, ಅಂಗಡಿಗಳ ಬಣ್ಣ ಯಾರದಾದರೂ ಸ್ಲೈಡಿನಲ್ಲಿದ್ದರೆ ಅಲ್ಲಷ್ಟೇ ಇದೆ. ಮಾಸಿದ್ದರೂ ಅದೇ ಸಾಕ್ಷಿ.

ಕೊಡಾಕ್ರೋಮ್ ನಿಲ್ಲಿಸುವುದಾಗಿ ಕೊಡಾಕ್ ಹೇಳಿದ್ದು 2009ರಲ್ಲಿ. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ 30ರ ನಂತರ ರೋಲು ತೆಗೆದುಕೊಳ್ಳಲಿಲ್ಲ. 2012ರಲ್ಲಿ ನಿಂತ ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಬಂತು. ಹೊಸ ಫಿಲ್ಮು ಬಂದರೂ ಮುಳುಗಿದ ಓಣಿ ಬರುವುದಿಲ್ಲ.

ಅದಕ್ಕೇ ಮನೆಯಲ್ಲಿ, ಸ್ಟುಡಿಯೊದಲ್ಲಿ ಸ್ಲೈಡ್ ಡಬ್ಬಿ ಇದ್ದವರಲ್ಲಿ ನಮ್ಮ ಕೋರಿಕೆ: ಹಳೆಯದೆಂದು ಎಸೆಯಬೇಡಿ, ರಟ್ಟಿನ ಚೌಕಟ್ಟು ಕಿತ್ತುಹಾಕಬೇಡಿ. ಎಷ್ಟೋ ಚೌಕಟ್ಟುಗಳ ಮೇಲೆ ಫಿಲ್ಮಿನ ಹೆಸರು, ತೊಳೆದ ತಿಂಗಳು, ವರ್ಷ ಅಚ್ಚಾಗಿರುತ್ತವೆ. ಅದು ಫೋಟೊ ತೆಗೆದ ದಿನವಲ್ಲ; ಆದರೂ ಚಿತ್ರ ಅದಕ್ಕಿಂತ ಈಚಿನದಲ್ಲ ಎಂಬುದು ಖಾತ್ರಿಯಾಗುತ್ತದೆ. ಚೌಕಟ್ಟು ಸಮೇತ ಸ್ಕ್ಯಾನ್ ಮಾಡಿಸಿ. ಬಣ್ಣ ತಿದ್ದುವುದಿದ್ದರೆ ಪ್ರತಿಯಲ್ಲಿ ತಿದ್ದಿ, ಮೊದಲ ಸ್ಕ್ಯಾನ್ ಹಾಗೇ ಇರಲಿ. ಯಾವ ಓಣಿ, ಯಾರ ಮನೆ ಎಂದು ಗುರುತಿಸುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ತೇವಕ್ಕೆ ಫಿಲ್ಮಿನ ಮೇಲೆ ಬೂಸ್ಟು ಹಿಡಿಯುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲೇ ಡಬ್ಬಿ ತೆರೆದು ನೋಡುವುದು ಒಳ್ಳೆಯದು.