ಅಲರ್ಜಿಯಿಂದ ಮೈ ಕೆರೆದುಕೊಳ್ಳುವ ಸಾಕುನಾಯಿ: ತುರಿಕೆ ಶಮನಕ್ಕೆ ಸುರಕ್ಷಿತ ಕ್ರಮಗಳು

ತೋಟ, ಕಣ ಹಾಗೂ ಕೊಟ್ಟಿಗೆಗಳ ಕಾವಲಿಗೆಂದು ಸಾಕಿದ ನಾಯಿಯು ಹಗಲಿರುಳು ಮೈ ಕೆರೆದುಕೊಳ್ಳುವುದು, ಪಾದ ನೆಕ್ಕುವುದು, ಬಾಲದ ಬುಡವನ್ನು ಕಚ್ಚಿಕೊಳ್ಳುವುದು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಇಂತಹ ಸಂದರ್ಭದಲ್ಲಿ ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನೇ ನೀರಿನಲ್ಲಿ ಬೆರೆಸಿ ನಾಯಿಯ ಮೈಗೆ ಹಚ್ಚುವ ರೂಢಿಯೂ ಇದೆ. ಪಶುಚಿಕಿತ್ಸೆಯು ಬೇಸಾಯ ವಿಜ್ಞಾನಿಯ ಕ್ಷೇತ್ರವಲ್ಲ. ಆದರೆ ಆ ಬಾಟಲಿಯಲ್ಲಿ ಏನಿದೆ ಎಂಬುದು ನಮ್ಮ ಕ್ಷೇತ್ರದ ವಿಷಯವೇ ಆದ್ದರಿಂದ ಈ ಲೇಖನ. ರೋಗನಿರ್ಣಯ ಮತ್ತು ಔಷಧಿಯ ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಅವರಲ್ಲಿಗೆ ಹೋಗುವ ಮುನ್ನ ಮತ್ತು ಹೋಗಿ ಬಂದ ನಂತರ ತಾವು ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಬೆಳೆಯ ಕೀಟನಾಶಕ ಏಕೆ ಬೇಡ?

ಕ್ಲೋರ್‌ಪೈರಿಫಾಸ್ 20 ಇ.ಸಿ.ಯ 1 ಮಿ.ಲೀ. ದ್ರಾವಣದಲ್ಲಿ ಸುಮಾರು 200 ಮಿ.ಗ್ರಾಂ ಕೀಟನಾಶಕ ಇರುತ್ತದೆ. ಉಳಿದ ಭಾಗವು ಮುಖ್ಯವಾಗಿ ಪೆಟ್ರೋಲಿಯಂ ಮೂಲದ ದ್ರಾವಕ ಮತ್ತು ನೀರಿನಲ್ಲಿ ಬೆರೆಯಲು ನೆರವಾಗುವ ವಸ್ತು. ಎಲೆಯ ಮೇಲೆ ಹರಡಿ ಅಂಟಿಕೊಳ್ಳಲೆಂದು ರೂಪಿಸಿದ ಈ ದ್ರಾವಣವು ಕೆರೆದು ಗಾಯವಾದ ಚರ್ಮದ ಮೂಲಕ ಸುಲಭವಾಗಿ ದೇಹವನ್ನು ಸೇರುತ್ತದೆ. ಸಾಲದೆಂಬಂತೆ ನಾಯಿಯು ಮೈ ನೆಕ್ಕಿ ಉಳಿದ ವಿಷವನ್ನೂ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಪ್ರೊಫೆನೋಫಾಸ್, ಕ್ವಿನಾಲ್‌ಫಾಸ್, ಮಾನೋಕ್ರೋಟೋಫಾಸ್ ಮುಂತಾದವುಗಳಿಗೂ ಈ ಮಾತು ಅನ್ವಯಿಸುತ್ತದೆ.

"ದನದ ಉಣ್ಣೆಗೆ ಕೊಡುವ ಔಷಧಿಯಲ್ಲೂ ಸೈಪರ್‌ಮೆಥ್ರಿನ್ ಇದೆಯಲ್ಲ, ಬೆಳೆಯದ್ದನ್ನು ಹಚ್ಚಿದರೆ ಏನು ತಪ್ಪು?" ಎಂಬ ಪ್ರಶ್ನೆ ರೈತರಿಂದ ಬರುವುದುಂಟು. ಹೆಸರು ಒಂದೇ ಆದರೂ ದ್ರಾವಕ, ಸಾಂದ್ರತೆ ಮತ್ತು ಶುದ್ಧತೆ ಬೇರೆ. ಬಾಟಲಿಯ ಮೇಲಿನ ತ್ರಿಕೋನದ ಬಣ್ಣವೂ ಇಲ್ಲಿ ನೆರವಿಗೆ ಬರುವುದಿಲ್ಲ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀವ್ರತೆಯ ದರ್ಜೆಯನ್ನು ಸೂಚಿಸುತ್ತವೆಯೇ ಹೊರತು, ಹಸಿರು ಇದ್ದ ಮಾತ್ರಕ್ಕೆ ಪ್ರಾಣಿಯ ಮೈಗೆ ಹಚ್ಚಬಹುದೆಂಬ ಅರ್ಥ ಅದಕ್ಕಿಲ್ಲ.

ಈಗಾಗಲೇ ಹಚ್ಚಿದ್ದಲ್ಲಿ ಜೊಲ್ಲು ಸುರಿಯುವುದು, ಕಣ್ಣೀರು, ವಾಂತಿ, ಭೇದಿ, ಕಣ್ಣಪಾಪೆ ಕಿರಿದಾಗುವುದು, ಸ್ನಾಯುಗಳು ಅದುರುವುದು, ಸೆಳೆತ ಕಾಣಿಸಿಕೊಳ್ಳಬಹುದು. ಲಕ್ಷಣಗಳಿಗೆ ಕಾಯದೆ ಕೈಗವಸು ಧರಿಸಿ, ಸೋಪು ಮತ್ತು ಧಾರಾಳ ನೀರಿನಿಂದ ಮೈ ತೊಳೆಯಿರಿ. ನೆಕ್ಕಲು ಬಿಡಬೇಡಿ, ವಾಂತಿ ಮಾಡಿಸಬೇಡಿ, ಹಾಲು ಅಥವಾ ಎಣ್ಣೆ ಕುಡಿಸಬೇಡಿ. ಕೀಟನಾಶಕದ ಬಾಟಲಿಯೊಂದಿಗೆ ತಕ್ಷಣ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಪ್ರತಿವಿಷ ಕೊಡುವುದು ಸುಲಭವಾಗುತ್ತದೆ.

ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್, ಫಿನಾಯಿಲ್ ಇವೂ ಚರ್ಮವನ್ನು ಸುಡುತ್ತವೆ, ದೇಹಕ್ಕೆ ವಿಷವಾಗುತ್ತವೆ. ಬೇವಿನ ಎಣ್ಣೆ ಎಂದೊಡನೆ ನಿರಪಾಯ ಎಂಬ ಭಾವನೆ ಇದೆಯಾದರೂ, ಅದನ್ನು ನೇರವಾಗಿ ಹಸಿಗಾಯಕ್ಕೆ ಹಚ್ಚಿದರೆ ಉರಿ ಹೆಚ್ಚುತ್ತದೆ.

ತುರಿಕೆಯ ಮೂಲ

ಅಪಾಯಕಾರಿಯಲ್ಲದ ವಸ್ತುವಿಗೂ ದೇಹವು ಅತಿಯಾಗಿ ಪ್ರತಿಕ್ರಿಯಿಸುವುದೇ ಅಲರ್ಜಿ. ಬೇರಿನಿಂದ ಕಿತ್ತುಹಾಕುವ ರೋಗ ಇದಲ್ಲ, ಹತೋಟಿಯಲ್ಲಿಡುವಂಥದ್ದು. ಮೈಯ ಯಾವ ಭಾಗದಲ್ಲಿ ತುರಿಕೆ ಹೆಚ್ಚಿದೆ ಎಂಬುದನ್ನು ಗಮನಿಸಿದರೆ ಮೂಲದ ಸುಳಿವು ಸಿಗುತ್ತದೆ.

ಬೆನ್ನಿನ ಹಿಂಭಾಗ, ಬಾಲದ ಬುಡ ಮತ್ತು ಹಿಂದೊಡೆಗಳಲ್ಲಿ ಕೂದಲು ಉದುರಿದ್ದರೆ ಮೊದಲು ಚಿಗಟವನ್ನು ಸಂಶಯಿಸಬೇಕು. ಇಲ್ಲಿ ಅಲರ್ಜಿಗೆ ಕಾರಣ ಚಿಗಟದ ಜೊಲ್ಲು. ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತಗಳು ಸಾಕು. ಆದ್ದರಿಂದ "ಮೈಮೇಲೆ ಚಿಗಟವೇ ಕಾಣುವುದಿಲ್ಲ" ಎಂದು ಅದನ್ನು ತಳ್ಳಿಹಾಕುವಂತಿಲ್ಲ. ನಾಯಿಯನ್ನು ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿರಿ. ಉದುರಿದ ಕಪ್ಪು ಕಣಗಳ ಮೇಲೆ ಎರಡು ಹನಿ ನೀರು ಹಾಕಿದಾಗ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ಪಾದ, ಮುಖ, ಕಿವಿ, ಕಂಕುಳು ಮತ್ತು ಹೊಟ್ಟೆಯಲ್ಲಿ ತುರಿಕೆ ಇದ್ದು, ಅದು 6 ತಿಂಗಳಿನಿಂದ 3 ವರ್ಷದ ವಯಸ್ಸಿನೊಳಗೆ ಆರಂಭವಾಗಿದ್ದರೆ ಧೂಳಿನ ನುಸಿ, ಪರಾಗ, ಬೂಷ್ಟುಗಳ ಅಲರ್ಜಿ ಇರಬಹುದು. ದಾಸ್ತಾನು ಮಾಡಿದ ಧಾನ್ಯ ಮತ್ತು ಹಿಟ್ಟಿನಲ್ಲಿ ಬೆಳೆಯುವ ನುಸಿಗಳೂ ಈ ಗುಂಪಿಗೆ ಸೇರುತ್ತವೆ. ಹಳೆಯ ಗೋಣಿಚೀಲದ ಮೇಲೆ ಗೋದಾಮಿನಲ್ಲಿ ಮಲಗುವ ನಾಯಿಯ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅದರ ಮಲಗುವ ಜಾಗವನ್ನು ಗೋದಾಮಿನಿಂದ ಹೊರಗೆ ಬದಲಿಸುವುದು ಖರ್ಚಿಲ್ಲದ ಚಿಕಿತ್ಸೆ. ಕಾಳಿಗೆ ಫ್ಯುಮಿಗೇಶನ್ ಗುಳಿಗೆ ಇಡುವ ಗೋದಾಮಾದರೆ ನಾಯಿ ಅಲ್ಲಿ ಇರಲೇಬಾರದು.

ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆಗಟ್ಟಿ ತೀವ್ರ ತುರಿಕೆ ಇದ್ದು, ಮನೆಯವರಿಗೂ ನವೆ ಕಾಣಿಸಿಕೊಂಡರೆ ಅದು ಕಜ್ಜಿಯಾಗಿರುವ ಸಾಧ್ಯತೆ ಹೆಚ್ಚು. ಕಜ್ಜಿಯನ್ನು ಅಲರ್ಜಿ ಎಂದು ಭಾವಿಸಿ ಬರಿಯ ತುರಿಕೆ ನಿವಾರಕ ಕೊಡುತ್ತ ಹೋದರೆ ರೋಗ ಉಲ್ಬಣಿಸುತ್ತದೆ.

ಆಹಾರದ ಅಲರ್ಜಿಯು ಸಾಮಾನ್ಯವಾಗಿ ಋತುಭೇದವಿಲ್ಲದೆ ವರ್ಷವಿಡೀ ಕಾಡುತ್ತದೆ. ದನದ ಮಾಂಸ, ಕೋಳಿಮಾಂಸ, ಹಾಲಿನ ಪದಾರ್ಥ, ಗೋಧಿ ಇವು ಹೆಚ್ಚಾಗಿ ಕಂಡುಬರುವ ಕಾರಣಗಳು. ಇದನ್ನು ಪತ್ತೆಮಾಡಲು ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನ್ ಆಹಾರವನ್ನಷ್ಟೇ ವೈದ್ಯರ ಸಲಹೆಯಂತೆ ಕನಿಷ್ಠ 8 ವಾರ ಕೊಟ್ಟು ನೋಡಬೇಕು. ನಮ್ಮ ಮನೆಗಳಲ್ಲಿ ಈ ಪರೀಕ್ಷೆ ಸೋಲುವುದು ಉಳಿದ ಊಟದಿಂದ. ಯಾರೋ ಒಬ್ಬರು ಮುದ್ದೆಯ ಜೊತೆ ಸಾರು ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ. ಅಂದಹಾಗೆ, ಸಾರಿನಲ್ಲಿರುವ ಈರುಳ್ಳಿ ನಾಯಿಯ ರಕ್ತಕಣಗಳನ್ನು ನಾಶಮಾಡುವ ವಸ್ತುವೂ ಹೌದು.

ಚಿಗಟದ ಸಮಗ್ರ ಹತೋಟಿ

ಕೀಟದ ಜೀವನಚಕ್ರ ತಿಳಿಯದೆ ಸಿಂಪಡಿಸಿದರೆ ಬೆಳೆಯಲ್ಲಿ ಏನಾಗುತ್ತದೆಂಬುದು ತಮಗೆ ತಿಳಿದೇ ಇದೆ. ಚಿಗಟದ ಒಟ್ಟು ಸಂಖ್ಯೆಯಲ್ಲಿ ನಾಯಿಯ ಮೈಮೇಲಿರುವ ಪ್ರೌಢ ಕೀಟಗಳು ಸುಮಾರು ಶೇ. 5 ಮಾತ್ರ. ಉಳಿದವು ಮೊಟ್ಟೆ, ಮರಿಹುಳು ಮತ್ತು ಕೋಶಗಳ ರೂಪದಲ್ಲಿ ಹಾಸು, ಮಣ್ಣಿನ ನೆಲದ ಬಿರುಕು, ಹುಲ್ಲು ಹಾಗೂ ಧೂಳಿನಲ್ಲಿರುತ್ತವೆ. ಬೆಚ್ಚಗಿನ, ತೇವದ ವಾತಾವರಣದಲ್ಲಿ 3 ರಿಂದ 4 ವಾರಗಳಲ್ಲಿ ಒಂದು ಪೀಳಿಗೆ ಮುಗಿಯುತ್ತದೆ. ಕೋಶಗಳು ಮಾತ್ರ ತಿಂಗಳುಗಟ್ಟಲೆ ಕಾಯಬಲ್ಲವು. ಆದ್ದರಿಂದ ಚಿಕಿತ್ಸೆಯ ಮೊದಲ ತಿಂಗಳಲ್ಲಿ ಹೊಸ ಚಿಗಟ ಕಂಡರೆ ಔಷಧಿ ಕೆಲಸ ಮಾಡಲಿಲ್ಲವೆಂದು ನಿಲ್ಲಿಸಬಾರದು. ಕನಿಷ್ಠ 3 ತಿಂಗಳು ಮುಂದುವರಿಸಬೇಕು. ಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಳೆಯ ಗೋಣಿ ಮತ್ತು ಹುಲ್ಲನ್ನು ತೆಗೆದುಹಾಕಿ, ನೆಲದ ಬಿರುಕು ಮುಚ್ಚಿ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಏಕಕಾಲಕ್ಕೆ ಚಿಕಿತ್ಸೆ ಆಗಬೇಕು. ಆದರೆ ನಾಯಿಗೆಂದು ತಂದ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಪ್ರಾಣಾಂತಿಕ. ಬೆಕ್ಕಿಗೆ ಅದರದೇ ಔಷಧಿ ಕೇಳಿ ಪಡೆಯಿರಿ.

ಮನೆಯಲ್ಲಿ ಶಮನ, ವೈದ್ಯರಿಂದ ಔಷಧಿ

ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನ ಸ್ನಾನ ತುರಿಕೆಯನ್ನು ತಗ್ಗಿಸುತ್ತದೆ, ಬಿಸಿನೀರು ಹೆಚ್ಚಿಸುತ್ತದೆ. ಬಟ್ಟೆ ಸೋಪು, ಡಿಟರ್ಜೆಂಟ್‌ಗಳು ಚರ್ಮದ ಎಣ್ಣೆಯ ಪದರವನ್ನು ತೊಳೆದುಬಿಡುವುದರಿಂದ ದಿನನಿತ್ಯದ ಸ್ನಾನಕ್ಕೆ ಸಲ್ಲವು. ಕೀವು, ದುರ್ಗಂಧ ಅಥವಾ ಜಿಡ್ಡು ಇದ್ದರೆ ವೈದ್ಯರು ಸೂಚಿಸುವ ಕ್ಲೋರ್‌ಹೆಕ್ಸಿಡಿನ್ ಶಾಂಪೂವನ್ನು ಹಚ್ಚಿ 10 ನಿಮಿಷ ಬಿಟ್ಟು ತೊಳೆಯಿರಿ. ಹಚ್ಚಿದೊಡನೆ ತೊಳೆದರೆ ಪ್ರಯೋಜನವಿಲ್ಲ. ಹೊಲದಿಂದ ಬಂದೊಡನೆ ಪಾದ ಮತ್ತು ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದರಿಂದ ಪರಾಗ, ಧೂಳು ಮತ್ತು ಸಿಂಪಡಣೆಯ ಶೇಷ ಕಡಿಮೆಯಾಗುತ್ತವೆ. ಮನುಷ್ಯರಿಗೂ ದನಗಳಿಗೂ ಚರ್ಮದ ಉರಿಯೂತ ತರುವ ಪಾರ್ಥೇನಿಯಂ ಕಳೆಯನ್ನು ಮನೆಯ ಸುತ್ತ ಹೂ ಬಿಡುವ ಮುನ್ನವೇ ಕಿತ್ತುಹಾಕುವುದು ಹೇಗೂ ಒಳ್ಳೆಯದು.

ಪಶುವೈದ್ಯರು ಪ್ರೆಡ್ನಿಸೋಲೋನ್ ಕೊಟ್ಟರೆ ಬೇಗ ಗುಣ ಕಾಣುತ್ತದೆ. ಅದೇ ಚೀಟಿಯನ್ನು ಮತ್ತೆ ಮತ್ತೆ ಔಷಧಿ ಅಂಗಡಿಗೆ ಒಯ್ಯಬೇಡಿ. ಬಹುಕಾಲ ಕೊಟ್ಟ ಮಾತ್ರೆಯನ್ನು ದಿಢೀರನೆ ನಿಲ್ಲಿಸಲೂಬೇಡಿ. ಒಕ್ಲಾಸಿಟಿನಿಬ್ ಎಂಬ ಮಾತ್ರೆ ತುರಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಒಂದು ವರ್ಷ ತುಂಬದ ನಾಯಿಗೆ ಅದು ಸಲ್ಲದು. ಚಿಗಟ, ಉಣ್ಣೆಗಳಿಗೆ ಫ್ಲುರಾಲನರ್, ಅಫಾಕ್ಸೊಲನರ್ ಮಾತ್ರೆಗಳಿವೆ; ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ದನಕ್ಕೆ ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡಬೇಡಿ. ಕೋಲಿಯಂತಹ ತಳಿಗಳಲ್ಲಿ ಅದು ಮಿದುಳಿಗೆ ಸೇರಿ ಸಾವು ತರಬಲ್ಲದು.

ವಿಸ್ತರಣಾ ಕಾರ್ಯಕರ್ತರು ನಾಯಿಯನ್ನು ಪಶು ಆಸ್ಪತ್ರೆಗೆ ಕಳುಹಿಸುವಾಗ ತುರಿಕೆ ಆರಂಭವಾದ ತಿಂಗಳು, ಮೈಯ ಭಾಗ, ಆಹಾರ, ಮಲಗುವ ಸ್ಥಳ ಮತ್ತು ಅದುವರೆಗೆ ಹಚ್ಚಿದ ಎಲ್ಲ ವಸ್ತುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಬೆಳೆಯ ಕೀಟನಾಶಕ ಹಚ್ಚಿದ್ದರೆ ಸಂಕೋಚವಿಲ್ಲದೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿಸಿ.