ಚಿತ್ರದಲ್ಲಿ ಕಾಣದ ಜನ

ಬ್ರಿಟನ್ನಿನ ಪ್ರವಾಸ ಮುಗಿಸಿ ಬಂದವರು ತೋರಿಸುವ ಚಿತ್ರಗಳಲ್ಲಿ ಮೂರು ವಸ್ತುಗಳು ತಪ್ಪದೆ ಇರುತ್ತವೆ: ಗುಡ್ಡಗಳ ನಡುವೆ ಕನ್ನಡಿಯಂತೆ ಮಲಗಿದ ಒಂದು ಸರೋವರ, ದಡದಲ್ಲೊಂದು ಹಳೆಯ ಕೋಟೆ, ಮಂಜು ಕವಿದ ಒಂದು ಬರಿಯ ಕಣಿವೆ. ಸ್ಕಾಟ್ಲೆಂಡಿನವರು ಸರೋವರಕ್ಕೆ ‘ಲಾಖ್’ ಎನ್ನುತ್ತಾರೆ. ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ಚಿತ್ರಗಳನ್ನು ತನ್ನ ಫೋನಿನಲ್ಲಿ ಒಂದೊಂದಾಗಿ ತೋರಿಸುತ್ತ, “ನೋಡಿ ಸಾರ್, ಎಷ್ಟು ದೂರ ಹೋದರೂ ಒಬ್ಬ ಮನುಷ್ಯನಿಲ್ಲ. ಪ್ರಕೃತಿ ಅಂದರೆ ಇದು!” ಎಂದ. ಆತನ ಸಂತೋಷಕ್ಕೆ ನಾನು ಅಡ್ಡ ಬರಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಆ ಕಣಿವೆ ಮೊದಲಿನಿಂದಲೂ ಹಾಗೆಯೇ ನಿರ್ಜನವಾಗಿತ್ತೆ?

ಈ ಚಿತ್ರಗಳ ವಂಶಾವಳಿಯನ್ನು ಹುಡುಕಿದರೆ ಮೂಲದಲ್ಲಿ ಒಂದು ಕಾವ್ಯ ಸಿಕ್ಕುತ್ತದೆ. 1810ರಲ್ಲಿ ವಾಲ್ಟರ್ ಸ್ಕಾಟನ ‘ದಿ ಲೇಡಿ ಆಫ್ ದಿ ಲೇಕ್’ ಎಂಬ ಕಥನಕಾವ್ಯ ಹೊರಬಂದಿತು. ಕಥೆಯ ರಂಗಸ್ಥಳ ಕ್ಯಾಟ್ರಿನ್ ಎಂಬ ಸರೋವರ. ಪುಸ್ತಕವನ್ನು ಓದಿದವರು ಆ ನೀರನ್ನು ಕಣ್ಣಾರೆ ನೋಡಬೇಕೆಂದು ತಂಡತಂಡವಾಗಿ ಹೊರಟರು. ಮುವ್ವತ್ತನಾಲ್ಕು ವರ್ಷಗಳ ತರುವಾಯ, 1844ರಲ್ಲಿ, ಅದೇ ದಾರಿಯಲ್ಲಿ ಕ್ಯಾಮರಾ ಹೊತ್ತು ಬಂದವನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ಕಾಗದದ ಮೇಲೆ ನೆಗೆಟಿವ್ ಮೂಡಿಸಿ, ಅದರಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯುವ ಉಪಾಯವನ್ನು ಕಂಡುಹಿಡಿದು, ಅದಕ್ಕೆ ‘ಕ್ಯಾಲೊಟೈಪ್’ ಎಂದು ಹೆಸರಿಟ್ಟು 1841ರಲ್ಲಿ ಪೇಟೆಂಟ್ ಪಡೆದವನು ಈತನೇ. ಸ್ಕಾಟನ ಬದುಕಿಗೂ ಬರಹಕ್ಕೂ ಸಂಬಂಧಿಸಿದ ಸ್ಥಳಗಳನ್ನು ಸುತ್ತಿ, 1845ರಲ್ಲಿ ‘ಸನ್ ಪಿಕ್ಚರ್ಸ್ ಇನ್ ಸ್ಕಾಟ್ಲೆಂಡ್’ ಎಂಬ ಪುಸ್ತಕವನ್ನು ಹೊರತಂದನು. ಅದರಲ್ಲಿದ್ದುದು 23 ಚಿತ್ರಗಳು. ಅವುಗಳಲ್ಲಿ ಹಲವು ಕ್ಯಾಟ್ರಿನ್ ಸರೋವರದವು. ಅಂದರೆ ಸರೋವರವನ್ನು ಹೇಗೆ ನೋಡಬೇಕೆಂದು ಕವಿ ಮೊದಲೇ ಕಲಿಸಿಬಿಟ್ಟಿದ್ದ. ಕ್ಯಾಮರಾ ಆ ಪಾಠವನ್ನು ಒಪ್ಪಿಸಿತು.

ಆಮೇಲಿನದು ವ್ಯಾಪಾರದ ಕಥೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತ ಗಾಜಿನ ಮೇಲೆ ಚಿತ್ರ ತೆಗೆಯುವ ಹೊಸ ವಿಧಾನವನ್ನು ಪ್ರಕಟಿಸಿದನು. ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾಕ್ಕೆ ಸೇರಿಸಿ, ಆರುವುದಕ್ಕೆ ಮುನ್ನ ತೊಳೆದು ಮುಗಿಸಬೇಕು. ಆದ್ದರಿಂದ ಛಾಯಾಗ್ರಾಹಕ ಹೋದಲ್ಲೆಲ್ಲ ಕತ್ತಲೆಯ ಡೇರೆ, ಗಾಜಿನ ಹಲಗೆಗಳು, ಔಷಧದ ಸೀಸೆಗಳು ಅವನ ಹಿಂದೆ ಹೋಗಬೇಕಾಗಿತ್ತು. ಈ ಸಂಸಾರವನ್ನು ಕಟ್ಟಿಕೊಂಡು ಗುಡ್ಡ ಹತ್ತಿದವರಲ್ಲಿ ಅಬರ್‌ಡೀನ್ ನಗರದ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಮುಖ್ಯನು. ವಿಕ್ಟೋರಿಯಾ ರಾಣಿಯ ಪರಿವಾರ 1852ರಲ್ಲಿ ಬಾಲ್ಮೊರಲ್ ಎಸ್ಟೇಟನ್ನು ಕೊಂಡು ಅಲ್ಲಿ ಹೊಸ ಅರಮನೆ ಕಟ್ಟಿಸುವಾಗ ಅದರ ಚಿತ್ರ ತೆಗೆಯುವ ಕೆಲಸ ವಿಲ್ಸನ್ನನಿಗೆ ಬಂದಿತು. ರಾಣಿ ಬೇಸಗೆ ಕಳೆಯುವ ನಾಡನ್ನು ನೋಡಲು ಜನ ಹೊರಟರು. ಹೋದವರು ನೆನಪಿಗೆಂದು, ಹೋಗಲಾರದವರು ಆಸೆಗೆಂದು ಚಿತ್ರ ಕೊಂಡರು. ಡಂಡೀ ನಗರದ ವ್ಯಾಲೆಂಟೈನ್, ಇಂಗ್ಲೆಂಡಿನ ರೈಗೇಟಿನ ಫ್ರಾನ್ಸಿಸ್ ಫ್ರಿತ್ ಇವರ ಸಂಸ್ಥೆಗಳೂ ಊರೂರಿನ ನೋಟಗಳನ್ನು ಮಾರಿದವು. 1902ರಲ್ಲಿ ಕಾರ್ಡಿನ ಒಂದೇ ಮಗ್ಗುಲಲ್ಲಿ ವಿಳಾಸವನ್ನೂ ಒಕ್ಕಣೆಯನ್ನೂ ಬರೆಯಲು ಬ್ರಿಟನ್ನಿನ ಅಂಚೆಯವರು ಒಪ್ಪಿದ ಮೇಲಂತೂ ಇನ್ನೊಂದು ಮಗ್ಗುಲು ಪೂರ್ತಿ ಚಿತ್ರಕ್ಕೇ ಮೀಸಲಾಯಿತು.

ಈಗ ನನ್ನ ಶಿಷ್ಯನ ಮಾತಿಗೆ ಬರೋಣ. ಹಳೆಯ ಚಿತ್ರಗಳಲ್ಲಿ ಜನ ಕಾಣದಿರುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಯಂತ್ರದ್ದು. ಆ ದಿನಗಳಲ್ಲಿ ಚಿತ್ರ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು; ನಡೆದುಹೋದವನ ಗುರುತು ಉಳಿಯುತ್ತಿರಲಿಲ್ಲ. ಎರಡನೆಯ ಕಾರಣ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಉತ್ತರ ಸ್ಕಾಟ್ಲೆಂಡಿನ ಭೂಮಾಲೀಕರು ಕುರಿ ಸಾಕಣೆಯಲ್ಲಿ ಹೆಚ್ಚು ಲಾಭ ಕಂಡು, ತಲೆತಲಾಂತರದಿಂದ ಉಳುತ್ತಿದ್ದ ಗೇಲಿಕ್ ಭಾಷೆಯ ಒಕ್ಕಲುಗಳನ್ನು ಕಣಿವೆ ಕಣಿವೆಯಿಂದ ಎಬ್ಬಿಸಿದರು. ಸದರ್‌ಲೆಂಡ್ ಎಸ್ಟೇಟಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಜನರನ್ನು ಹೊರಡಿಸಿ, ಮತ್ತೆ ಬಂದು ಸೇರಿಕೊಳ್ಳದಂತೆ ಮನೆಗಳಿಗೆ ಬೆಂಕಿ ಹಚ್ಚಿದರು. ಎಸ್ಟೇಟಿನ ಪರವಾಗಿ ನಿಂತು ಮಾಡಿಸಿದ ಪ್ಯಾಟ್ರಿಕ್ ಸೆಲ್ಲರ್ ಎಂಬಾತನ ಮೇಲೆ 1816ರಲ್ಲಿ ವಿಚಾರಣೆ ನಡೆಯಿತು. ಆತ ನಿರಪರಾಧಿ ಎಂದು ತೀರ್ಪಾಯಿತು. ಜನರಲ್ಲಿ ಕೆಲವರು ಕಡಲದಡದ ತುಂಡು ನೆಲದಲ್ಲಿ ನಿಂತರು, ಕೆಲವರು ಕೆನಡಾದ ಹಡಗು ಹತ್ತಿದರು. ಉಳಿದ ಸಣ್ಣ ಒಕ್ಕಲುಗಳಿಗೆ ನೆಲದ ಮೇಲೆ ಭದ್ರವಾದ ಹಕ್ಕು ಸಿಕ್ಕಿದ್ದು 1886ರ ಕಾಯಿದೆಯಿಂದ. ಎಲ್ಲ ಕಣಿವೆಗಳ ಕಥೆಯೂ ಇದೇ ಎಂದಲ್ಲ. ಆದರೆ ಕ್ಯಾಮರಾ ಗುಡ್ಡ ಹತ್ತುವ ಹೊತ್ತಿಗೆ ಎಷ್ಟೋ ಕಣಿವೆಗಳಲ್ಲಿ ಒಲೆ ಆರಿ ಒಂದು ತಲೆಮಾರು ಕಳೆದಿತ್ತು. ಮನೆಗಳ ಅಡಿಗಲ್ಲಿನ ಮೇಲೆ ಹುಲ್ಲು ಬೆಳೆದಿತ್ತು. ಅದನ್ನು ಕಂಡವರು ‘ಆದಿಕಾಲದ ಏಕಾಂತ’ ಎಂದುಕೊಂಡರು.

ಕೋಟೆಯ ಮಾತೂ ಹೀಗೆಯೇ. ಮೂರು ಲಾಖ್‌ಗಳು ಕೂಡುವಲ್ಲಿ, ಸಣ್ಣ ನಡುಗಡ್ಡೆಯ ಮೇಲೆ, ಕಮಾನು ಸೇತುವೆಯ ತುದಿಗೆ ನಿಂತಿರುವ ಐಲೀನ್ ಡೊನನ್ ಕೋಟೆಯ ಚಿತ್ರವನ್ನು ವಾಚಕರು ಕ್ಯಾಲೆಂಡರಿನಲ್ಲಾದರೂ ಕಂಡಿರುತ್ತಾರೆ. ಆ ಕೋಟೆಯನ್ನು 1719ರಲ್ಲಿ ಸರ್ಕಾರದ ಹಡಗುಗಳು ಗುಂಡು ಹಾರಿಸಿ ಕೆಡವಿದವು. ಉಳಿದುದನ್ನು ಮದ್ದಿಟ್ಟು ಸಿಡಿಸಿದರು. ಇನ್ನೂರು ವರ್ಷ ಅಲ್ಲಿದ್ದುದು ಮುರುಕು ಗೋಡೆ ಮಾತ್ರ. 1911ರಲ್ಲಿ ನಡುಗಡ್ಡೆಯನ್ನು ಕೊಂಡ ಜಾನ್ ಮೆಕ್ರೇ-ಗಿಲ್‌ಸ್ಟ್ರಾಪ್ ಎಂಬ ಸೇನಾಧಿಕಾರಿ ಅದನ್ನು ಮತ್ತೆ ಕಟ್ಟಿಸಿದನು; ಕೆಲಸ ಮುಗಿದದ್ದು 1932ರಲ್ಲಿ. ಆ ಸೇತುವೆಯೂ ಆಗಿನದೇ. ಇನ್ನು ಕ್ಯಾಟ್ರಿನ್ ಸರೋವರ 1859ರಿಂದ ಗ್ಲಾಸ್ಗೋ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆಯಾಗಿದೆ. ಅದಕ್ಕಾಗಿ ನೀರಿನ ಮಟ್ಟವನ್ನು ಏರಿಸಿದಾಗ ಹಳೆಯ ದಡ ಮುಳುಗಿತು. ಟಾಲ್ಬಟ್ ಕಂಡ ದಂಡೆ ಇಂದು ಟಾಲ್ಬಟ್ಟನ ಕಾಗದದಲ್ಲಿದೆ.

ಇದೇ ಕಾಗದದ ನೆಗೆಟಿವ್ ನಮ್ಮ ನಾಡಿಗೂ ಬಂದಿತ್ತು. ಮದರಾಸು ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯನ್ನು ಆ ವಿಧಾನದಿಂದ ಚಿತ್ರಿಸಿದನು. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ನೋಡುವುದು ಶಿಖರವಿಲ್ಲದ ರಥ. ನಮ್ಮ ಮಕ್ಕಳಿಗೆ ಅದೇ ಮೂಲರೂಪ. ಅಲ್ಲಿಯ ಕೋಟೆಗೆ ಇಲ್ಲದ್ದು ಸೇರಿತು, ಇಲ್ಲಿಯ ರಥದಿಂದ ಇದ್ದದ್ದು ಹೋಯಿತು. ಎರಡನ್ನೂ ನಾವು ‘ಪುರಾತನ’ ಎಂದು ಒಂದೇ ಉಸಿರಿನಲ್ಲಿ ಕರೆಯುತ್ತೇವೆ.

ಚಿತ್ರ ಸುಳ್ಳು ಹೇಳುವುದಿಲ್ಲ. ತನ್ನೆದುರು ಆ ಗಳಿಗೆಯಲ್ಲಿ ಇದ್ದುದನ್ನು ಹೇಳುತ್ತದೆ, ಅಷ್ಟೆ. ಅದಕ್ಕೆ ಮುಂಚೆ ಏನಿತ್ತು, ಯಾರಿದ್ದರು ಎಂದು ಕೇಳುವುದು ನೋಡುವವರ ಕೆಲಸ. ಆ ಹುಡುಗ ಮುಂದಿನ ವರ್ಷ ಮತ್ತೆ ಹೋಗುವವನಿದ್ದಾನೆ. ಸ್ಟ್ರಾತ್‌ನೇವರ್ ಕಣಿವೆಗೂ ಹೋಗಿ ಬಾ ಎಂದಿದ್ದೇನೆ. ನೀರನ್ನೂ ಬೆಟ್ಟವನ್ನೂ ಎಷ್ಟು ಬೇಕಾದರೂ ತೆಗೆದುಕೊಳ್ಳಲಿ. ಜತೆಗೆ ಹುಲ್ಲಿನಡಿ ಉಳಿದಿರುವ ಯಾವುದಾದರೊಂದು ಮನೆಯ ಅಡಿಗಲ್ಲಿನ ಚಿತ್ರವನ್ನೂ ತಂದರೆ, ಅದನ್ನು ನನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ.