ಮಹಾವೀರಾಚಾರ್ಯನ ಸಂಖ್ಯಾಹಾರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ನಮಗೆ 'ಕವಿರಾಜಮಾರ್ಗ'ವು ನೆನಪಾಗುತ್ತದೆ. ಅದೇ ಅರಸನನ್ನು ಆರಂಭದಲ್ಲಿ ಸ್ತುತಿಸುವ ಇನ್ನೊಂದು ಗ್ರಂಥವುಂಟು. ಅದು ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸುಮಾರು ಕ್ರಿ. ಶ. ೮೫೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'. ಎಂ. ರಂಗಾಚಾರ್ಯರು ೧೯೧೨ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಕೆಲವು ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅವು ಒಂದೇ. ಅವನ ಲೆಕ್ಕಗಳಲ್ಲೊಂದು ಹೀಗಿದೆ: ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಬರುವುದು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಬಂದ ದಾರಿಯಲ್ಲೇ ಇಳಿಯುವ ಸಂಖ್ಯೆ. ಓದಿ ಹೇಳುವುದಾದರೆ, ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ನಾನು ಕನ್ನಡ ಪಂಡಿತ. ಗಣಿತದ ಉಪಾಧ್ಯಾಯರು ರಜೆಯಲ್ಲಿದ್ದ ಒಂದು ದಿನ, ಅವರ ತರಗತಿಗೆ ಹೋಗಿ, ನಮ್ಮ ನಾಡಿನ ಹಿರಿಮೆಯನ್ನು ಸಾರುವ ಉತ್ಸಾಹದಿಂದ ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಆರಕ್ಕೇ ಯಾಕೆ ತಿರುಗಿಬಿಡ್ತು, ಸಾರ್?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಪಾರಾದೆ.

ರಾತ್ರಿ ಕುಳಿತು ಬಿಡಿಸಿದಾಗ ಮರ್ಮ ತಿಳಿಯಿತು. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಎಂದರೆ ನಮ್ಮ ಹಾರವು ಆರು ಒಂದುಗಳುಳ್ಳ ಸಂಖ್ಯೆಯ ವರ್ಗ! ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಸಲ, ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವಷ್ಟೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಆಮೇಲೆ ಇಳಿತ. ಸಾಲುಗಳು ಆರೇ ಇರುವುದರಿಂದ ಏರಿಕೆಯೂ ಆರಕ್ಕೇ ನಿಲ್ಲಬೇಕು.

ಹಾಗಾದರೆ ಹಾರವನ್ನು ಬೆಳೆಸಬಹುದೆ? ಒಂಬತ್ತರವರೆಗೆ ಬೆಳೆಸಬಹುದು. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದ ಮೊತ್ತ ಹತ್ತಾಗಿ, ಒಂದನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಾಗುತ್ತದೆ. ಆಗ ಬರುವುದು ೧೨೩೪೫೬೭೯೦೦೯೮೭೬೫೪೩೨೧. ಹಾರ ಹರಿಯಿತು!

ಇನ್ನೂ ಒಂದು ಸೊಗಸುಂಟು. ನಮ್ಮ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ೩೬, ಅಂದರೆ ಆರರ ವರ್ಗ. ೩, ೭, ೧೧, ೧೩, ೩೭ ಈ ಐದೇ ಅವಿಭಾಜ್ಯಗಳು, ಪ್ರತಿಯೊಂದೂ ಎರಡೆರಡು ಸಲ ಸೇರಿ, ಈ ಸಂಖ್ಯೆಯಾಗಿದೆ. ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ೨೪೩.

ಮರುದಿನ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನ ಪ್ರಶ್ನೆಯಿಂದ ಕಲಿತವನು ನಾನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಹೇಳಿದವನೂ ಇದೇ ಮಹಾವೀರಾಚಾರ್ಯ, ಅದು ತಪ್ಪು. ಹಿರಿಯರು ಹೇಳಿದರೆಂದು ಕೈಮುಗಿದು ಸುಮ್ಮನಾದರೆ ಅವರ ತಪ್ಪೂ ತಿಳಿಯದು, ಒಪ್ಪೂ ತಿಳಿಯದು. ಕೇಳಿ ನೋಡಿದಾಗಲೇ ಅವರ ವಿದ್ಯೆ ನಮ್ಮದಾಗುತ್ತದೆ.

ವಾಚಕರೇ, ಅದೇ ಗ್ರಂಥದ ಇನ್ನೊಂದು ಲೆಕ್ಕ ಇಲ್ಲಿದೆ: ೧೫೨೨೦೭ನ್ನು ೭೩ರಿಂದ ಗುಣಿಸಿರಿ. ಉತ್ತರ ಬಂದಾಗ ಮನೆಯ ಮಕ್ಕಳನ್ನು ಕರೆದು ತೋರಿಸಿರಿ. "ಯಾಕೆ?" ಎಂದು ಅವರು ಕೇಳಿದರೆ ಗದರಬೇಡಿರಿ.